ಉತ್ತರ ಮುಂದಿನ ತಿಂಗಳೇ ಬರುತ್ತದೆ

ನಾಪೋಕ್ಲುವಿನ ಓದುಗರೊಬ್ಬರು ಬರೆದಿದ್ದಾರೆ: "ಸಂಪಾದಕರೇ, ಒಗಟಿನ ಪುಟಕ್ಕೆ ಉತ್ತರ ಬರಲು ಒಂದು ತಿಂಗಳು ಯಾಕೆ ಕಾಯಬೇಕು? ಅಲ್ಲೇ ಕೆಳಗೆ ತಲೆಕೆಳಗಾಗಿ ಹಾಕಿಬಿಡಿ. ಇನ್ನು ಆ ಲ್ಯಾಟರಲ್ ಥಿಂಕಿಂಗ್ (ನೇರ ದಾರಿ ಬಿಟ್ಟು ಬೇರೆ ಕಡೆಯಿಂದ ಯೋಚಿಸುವ) ಒಗಟುಗಳಂತೂ ಬರೀ ಮೋಸ. ಬೇಕಾದ ವಿಷಯ ಮುಚ್ಚಿಟ್ಟು ಹೇಳಿ ನೋಡೋಣ ಅಂತೀರಿ. ಅದರ ಬದಲು ಕರಿಮೆಣಸಿನ ಧಾರಣೆ ಹಾಕಬಾರದೇ?"

ಮೋಸ ಅಂದದ್ದರಲ್ಲಿ ಸ್ವಲ್ಪ ನಿಜ ಇದೆ. ಹತ್ತನೇ ಮಹಡಿಯಲ್ಲಿ ಮನೆ ಇದ್ದವನು ದಿನಾ ಲಿಫ್ಟಿನಲ್ಲಿ ಏಳರವರೆಗೆ ಹೋಗಿ, ಉಳಿದದ್ದು ಮೆಟ್ಟಿಲು ಹತ್ತುವುದೇಕೆ ಎಂಬ ಒಗಟು (ಆತ ಕುಳ್ಳ, ಹತ್ತರ ಗುಂಡಿ ಎಟುಕುವುದಿಲ್ಲ) ನಾವು ಕೇಳಿದ ಪ್ರಶ್ನೆಗೆಲ್ಲ ಎದುರಿಗೆ ಕೂತು ಹೌದು, ಅಲ್ಲ ಅನ್ನುವವರಿದ್ದರೇ ಚೆಂದ. ಅಚ್ಚಿನ ಪುಟ ಹೌದು, ಅಲ್ಲ ಅನ್ನುವುದಿಲ್ಲ. ಅಷ್ಟು ಒಪ್ಪಿದೆ. ಉಳಿದದ್ದಕ್ಕೆ ಜಗಳ ಆಡುತ್ತೇನೆ.

ಮಾಲ್ಟಾದಲ್ಲಿ ಹುಟ್ಟಿದ ಎಡ್ವರ್ಡ್ ಡಿ ಬೊನೊ 1967ರಲ್ಲಿ ಈ ಬಗೆಯ ಯೋಚನೆಗೆ ಲ್ಯಾಟರಲ್ ಥಿಂಕಿಂಗ್ ಅಂತ ಹೆಸರಿಟ್ಟರು. ಅವರು ಹೇಳಿದ ಕಥೆ ಕೇಳಿ. ಸಾಲಗಾರನ ಮಗಳ ಮೇಲೆ ಕಣ್ಣಿಟ್ಟ ಸಾಹುಕಾರ, ಚೀಲದಲ್ಲಿ ಒಂದು ಕಪ್ಪು ಒಂದು ಬಿಳಿ ಕಲ್ಲು ಹಾಕುತ್ತೇನೆ, ಕಪ್ಪು ಬಂದರೆ ನನ್ನ ಮದುವೆಯಾಗು, ಬಿಳಿ ಬಂದರೆ ಸಾಲ ಮನ್ನಾ ಅಂದವನು ಎರಡೂ ಕಪ್ಪೇ ಹಾಕಿದ. ಹುಡುಗಿ ಅದನ್ನು ನೋಡಿಬಿಟ್ಟಳು. ಒಂದು ಕಲ್ಲು ತೆಗೆದು, ಯಾರೂ ನೋಡುವ ಮೊದಲೇ ಕೈ ಜಾರಿದಂತೆ ದಾರಿಯ ಕಲ್ಲುಗಳ ನಡುವೆ ಬೀಳಿಸಿದಳು. ಹೋಗಲಿ ಬಿಡಿ, ಚೀಲದಲ್ಲಿ ಉಳಿದದ್ದು ನೋಡಿದರೆ ನಾನು ತೆಗೆದದ್ದು ಯಾವುದೆಂದು ಗೊತ್ತಾಗುತ್ತದಲ್ಲ ಅಂದಳು. ಇದರಲ್ಲಿ ಮುಚ್ಚಿಟ್ಟದ್ದು ಏನಿದೆ ಹೇಳಿ? ನಾವೆಲ್ಲ ಕೈಗೆ ಬಂದ ಕಲ್ಲನ್ನೇ ನೋಡುತ್ತಿದ್ದೆವು. ಅವಳು ಉಳಿದ ಕಲ್ಲನ್ನು ನೋಡಿದಳು, ಅಷ್ಟೇ. ಮುಟ್ಟದೆ ಗೆರೆ ಚಿಕ್ಕದು ಮಾಡು ಅಂದಾಗ ಪಕ್ಕದಲ್ಲಿ ಉದ್ದ ಗೆರೆ ಎಳೆದ ಬೀರಬಲ್ಲನ ಕಥೆ ಕೇಳಿ ಬೆಳೆದವರು ನಾವು, ನಮಗೆ ಇದು ಪರಕೀಯ ಅಲ್ಲ.

ಇನ್ನು ಕಾಯುವ ವಿಷಯ. ನಮ್ಮ ಮನೆಯಲ್ಲಿ ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಅಂದರೆ ಕರೆಂಟ್ ಇಲ್ಲದ ತಿಂಗಳು. ಹೊರಗೆ ಜಡಿಮಳೆ. ಒಲೆ ಮುಂದೆ ಹಲಸಿನ ಬೀಜ ಸುಡುತ್ತಾ ಅಜ್ಜಿ ಒಗಟು ಹೇಳುತ್ತಿದ್ದರು. ಗೊತ್ತಾಗದಿದ್ದರೆ ಒಂದು ಊರು ಕೊಡಬೇಕು, ಆಮೇಲೇ ಉತ್ತರ. ಹಾಗೆ ಗೋಣಿಕೊಪ್ಪ, ವಿರಾಜಪೇಟೆ ಎಲ್ಲ ಕೊಟ್ಟಾಗಿತ್ತು. "ಬಾಗಿಲಿಲ್ಲದ ಮನೆಯೊಳಗೆ ಬೆಳ್ಳಿ ಬಂಗಾರ" ಅಂದಾಗ ಮಾತ್ರ ಹಟಕ್ಕೆ ಬಿದ್ದೆ. ಊರು ಕೊಡಲ್ಲ ಅಂತ ಹಾಗೇ ಮಲಗಿದೆ. ಬೆಳಿಗ್ಗೆ ಕೋಳಿಗೂಡಿಗೆ ಕೈ ಹಾಕಿದರೆ ಮೊಟ್ಟೆ, ಇನ್ನೂ ಬೆಚ್ಚಗಿತ್ತು, ಮೇಲೊಂದು ಸಣ್ಣ ಪುಕ್ಕ ಅಂಟಿಕೊಂಡಿತ್ತು. ಅಲ್ಲಿಂದಲೇ ಕೂಗಿದೆ. ಅಡುಗೆಮನೆಯಿಂದ ಅಜ್ಜಿ ನಗುವುದು ಕೇಳಿಸಿತು. ಉತ್ತರ ಆ ರಾತ್ರಿಯೇ ಸಿಕ್ಕಿದ್ದರೆ ಇದು ನೆನಪಿರುತ್ತಿತ್ತೇ?

ಹೊಟ್ಟೆಗೆ ಉರಿ ಹತ್ತಿಸಿದ ಇನ್ನೊಂದು ಸಂಗತಿ ಇದೆ. ಗೊತ್ತಿರುವ ಪುಟ್ಟ ಹುಡುಗಿಗೆ ಶಾಲೆಯ ಪರೀಕ್ಷೆಯಲ್ಲಿ ಕೇಳಿದ್ದರು: "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಆಕೆ ಕಾಫಿ ಹೂ ಎಂದು ಬರೆದಳು. ಸೊನ್ನೆ ಅಂಕ. ಗೈಡಿನಲ್ಲಿ ಮಲ್ಲಿಗೆ ಅಂತ ಇದೆಯಂತೆ! ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುವುದನ್ನು ವರ್ಷವರ್ಷ ಕಾಣುವ ಕೊಡಗಿನ ಮಗು ಇನ್ನೇನು ಬರೆಯಬೇಕಿತ್ತು? ಆ ಮಗು ಬಿಡಿಸಿದ್ದು ನಿಜವಾದ ಒಗಟು. ಒಂದೇ ಉತ್ತರ, ಅದೂ ಬೇಗ, ಗೈಡಿನಲ್ಲಿದ್ದಂತೆ ಅಂತ ಮಕ್ಕಳನ್ನು ಬೆಳೆಸುತ್ತಿದ್ದೇವೆ. ನಾಳೆ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದರೆ, ಧಾರಣೆ ಬಿದ್ದರೆ, ಇವರು ಯಾವ ಗೈಡ್ ತೆರೆಯಬೇಕು? ಧಾರಣೆ ಮೊಬೈಲಿನಲ್ಲಿ ದಿನಾ ಸಿಗುತ್ತದೆ. ಒಂದು ಪ್ರಶ್ನೆಯನ್ನು ನಾಲ್ಕು ದಿನ ತಲೆಯಲ್ಲಿಟ್ಟುಕೊಂಡು ತಿರುಗುವ ಅಭ್ಯಾಸ ಅಲ್ಲಿ ಸಿಗುವುದಿಲ್ಲ.

ನಿಮ್ಮ ಮೇಲೆ ಕೋಪ ಇಲ್ಲ. ಉತ್ತರಕ್ಕಾಗಿ ಇಷ್ಟು ಚಡಪಡಿಸುವವರು ಒಗಟನ್ನು ನಿಜಕ್ಕೂ ಪ್ರೀತಿಸುವವರೇ. ನಿಮಗಾಗಿಯೇ ಒಂದು ಕಟ್ಟಿದ್ದೇನೆ. ನಾಲ್ಕೇ ಅಕ್ಷರ. ಮೊದಲರ್ಧ ಉಟ್ಟು ಪೂಜೆಗೆ ಕೂರುತ್ತಾರೆ, ಉಳಿದರ್ಧದಲ್ಲಿ ಸಾಲು ಮನೆಗಳು, ಎರಡೂ ಸೇರಿದರೆ ಬೆಟ್ಟ ಮತ್ತು ಮಂಜು. ಬಿಡಿಸಲು ಆಗದಿದ್ದರೆ ನಾಪೋಕ್ಲು ನನಗೆ ಕೊಡಬೇಕು.