ಒಂಬತ್ತು ಅಂಕಕ್ಕೆ ಹತ್ತೊಂಬತ್ತು ವಿಷಯ ಯಾಕೆ?

ಪ್ರಶ್ನೆ: ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದಿದ್ದೇನೆ. ವಿದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ 138, ಆಮೇಲೆ 141. ದಿನಕ್ಕೆ 16 ಗಂಟೆ ಓದುವಂತೆ ಒಂದು ಟೈಮ್‌ಟೇಬಲ್ ಹಾಕಿಕೊಡಿ ಸರ್. – ಸಿಂಧನೂರು

ಉತ್ತರ: ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಮಾತು, ಟೈಮ್‌ಟೇಬಲ್ ಹಾಕಿಕೊಡಿ ಅಂತ. ಹಾಕಿಕೊಡುವುದಿಲ್ಲ. ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟು ಎಂಟನೇ ದಿನಕ್ಕೆ ತಪ್ಪಿ, ಹತ್ತನೇ ದಿನಕ್ಕೆ ಹುಡುಗರು ಮಂಕಾಗಿ ಕೂತಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಪಾಸಾಗಲು 300ಕ್ಕೆ 150 ಬೇಕು. ನಿಮಗೆ ಕಡಿಮೆ ಬಿದ್ದದ್ದು 9. ಅಷ್ಟಕ್ಕೆ ಹತ್ತೊಂಬತ್ತು ವಿಷಯವನ್ನೂ ಅನಾಟಮಿಯ ಮೊದಲ ಪುಟದಿಂದ ಹಿಡಿಯುತ್ತೀರಿ. ತೋಳಿನ ನರಗಳು ಬಾಯಿಪಾಠ ಆಗುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ, ಪಿಎಸ್‌ಎಂ, ಅಂದರೆ ಸಮುದಾಯದ ಆರೋಗ್ಯ ಮತ್ತು ರೋಗ ತಡೆಯ ವಿಷಯ, ಕೊನೆಯ ವಾರಕ್ಕೆ ಬಿದ್ದಿರುತ್ತದೆ. ಅನಾಟಮಿಗೆ 17 ಪ್ರಶ್ನೆ. ಪಿಎಸ್‌ಎಂಗೆ 30, ಓಬಿಜಿಗೆ (ಹೆರಿಗೆ, ಸ್ತ್ರೀರೋಗ) 30. ಚರ್ಮರೋಗ, ಮನೋರೋಗ, ಅನಸ್ತೇಸಿಯಾ, ಮೂಳೆ, ರೇಡಿಯಾಲಜಿ, ರೇಡಿಯೊಥೆರಪಿ ಇವಕ್ಕೆ ತಲಾ 5. ಎಲ್ಲರೂ ಬಿಟ್ಟುಹೋಗುವ ಈ ಆರೂ ಸೇರಿದರೆ ಅಲ್ಲೂ 30.

ಮೊದಲು ಒಂದು ಇಡೀ ಪೇಪರ್ ಬರೆಯಿರಿ. 150 ಪ್ರಶ್ನೆಗೆ 150 ನಿಮಿಷ, ನಡುವೆ ಊಟ, ಮತ್ತೆ 150. ಮರುದಿನ ಪಠ್ಯಪುಸ್ತಕ ಮುಟ್ಟಬೇಡಿ. ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕದಲ್ಲೂ ಒಂದಕ್ಷರ ಹಾಕಿ. ಗೊತ್ತೇ ಇರಲಿಲ್ಲವಾ, ‘ಗೊ’. ಓದಿ ಮರೆತದ್ದಾ, ‘ಮ’. ‘ಇವುಗಳಲ್ಲಿ ಯಾವುದು ಅಲ್ಲ’ ಎಂಬುದನ್ನು ನೋಡದೆ ಒತ್ತಿದ್ದಾ, ‘ಅ’, ಅವಸರ. 140ರ ಆಸುಪಾಸಿನಲ್ಲಿ ನಿಂತವರ ಹಾಳೆಯಲ್ಲಿ ನಾನು ಕಂಡಂತೆ ‘ಮ’ ಮತ್ತು ‘ಅ’ಗಳೇ ಜಾಸ್ತಿ. ‘ಗೊ’ ಇದ್ದಲ್ಲಿ ಮಾತ್ರ ಪಾಠ ಓದಿ. ‘ಮ’ ಇದ್ದಲ್ಲಿ ಪಾಠ ಮತ್ತೆ ಓದಿದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ. ಪುಸ್ತಕ ಮುಚ್ಚಿ ಮೂರನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ಅದೇ ಪ್ರಶ್ನೆಗೆ ಉತ್ತರ ಬರೆಯಿರಿ. ‘ಅ’ಗೆ ಓದು ಬೇಡ, ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದುವ ರೂಢಿ ಬೇಕು.

ಕೊಪ್ಪಳ ಕಡೆಯ ಹುಡುಗಿಯೊಬ್ಬಳ ತಪ್ಪಿನ ಪುಸ್ತಕ ನೋಡಿದ್ದೆ. ನೂರು ಪುಟದ ನೋಟುಬುಕ್ಕು, ಮೂಲೆಗಳೆಲ್ಲ ಮಡಚಿಹೋಗಿದ್ದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟು ಮೀರಿದರೆ ಮಕ್ಕಳ ಹಲ್ಲಿಗೆ ಕಲೆ ಬರುತ್ತದೆ ಎಂಬ ಪ್ರಶ್ನೆಯನ್ನು ಮೂರು ಸಲ ತಪ್ಪಿಸಿದ್ದಳು. ನಾಲ್ಕನೇ ಸಲ ‘ಲೀಟರಿಗೆ 1.5 ಮಿಲಿಗ್ರಾಂ’ ಎಂದು ಬರೆದು, ಪಕ್ಕದಲ್ಲಿ ‘ನಮ್ಮ ಓಣಿಯ ಬೋರ್‌ವೆಲ್, ತಮ್ಮನ ಹಲ್ಲು’ ಎಂದು ಸೇರಿಸಿದ್ದಳು. ಮತ್ತೆ ಅದು ತಪ್ಪಲಿಲ್ಲ. ಪಿಎಸ್‌ಎಂನ ಅರ್ಧ ನಮ್ಮ ಜಿಲ್ಲೆಗಳಲ್ಲೇ ಕಣ್ಣೆದುರು ಬಿದ್ದಿದೆ. ಅದನ್ನು ಬಿಟ್ಟು ಪುಟ ಸಂಖ್ಯೆ ನೆನಪಿಡುತ್ತೀರಿ.

16 ಗಂಟೆಯ ಮಾತು ಬಿಡಿ. ನಾನು ಯಾರಿಗೂ 8 ಗಂಟೆಗಿಂತ ಹೆಚ್ಚು ಹೇಳುವುದಿಲ್ಲ. ಜೂನ್ ಪರೀಕ್ಷೆಗೆ ಓದುವವರು ನಮ್ಮ ಏಪ್ರಿಲ್ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಗ್ಗೆ ಐದಕ್ಕೆ ಕೂತರೆ ಮಧ್ಯಾಹ್ನ ಒಂದರಿಂದ ನಾಲ್ಕು ಮಲಗಬಹುದು. ವಾರದಲ್ಲಿ ಐದು ದಿನ ವಿಷಯ, ಆರನೇ ದಿನ ತಪ್ಪಿನ ಪುಸ್ತಕ, ಏಳನೇ ದಿನ ಖಾಲಿ. ಜ್ವರ, ಮದುವೆ, ಕರೆಂಟು ಹೋದ ದಿನ ಎಲ್ಲವನ್ನೂ ಆ ಖಾಲಿ ದಿನವೇ ತುಂಬಿಕೊಡುತ್ತದೆ. ಇನ್ನೊಂದು, ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುವುದಿಲ್ಲ. ಆದರೂ ಪ್ರಶ್ನೆ ಬಿಟ್ಟು ಬರುವವರಿದ್ದಾರೆ. ಒಂದನ್ನೂ ಬಿಡಬೇಡಿ.

ಪ್ರಶ್ನೆ: ಪಾಸಾಗುವವರೆಗೆ ಪರಿಚಯದವರ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಡ್ಯೂಟಿ ಮಾಡಬಹುದೇ? – ಗಂಗಾವತಿ

ಉತ್ತರ: ಕೂಡದು. ನೋಂದಣಿ ಇಲ್ಲದೆ ರೋಗಿಗೆ ಔಷಧ ಬರೆಯುವುದು ಅಪರಾಧ. ಹಳ್ಳಿಯಲ್ಲಿ ಬಂದವರಿಗೆಲ್ಲ ಸಲೈನ್ ಏರಿಸಿ ಕೂರುವ ನಕಲಿ ಡಾಕ್ಟರನಿಗೂ ನಿಮಗೂ ಆಗ ವ್ಯತ್ಯಾಸ ಉಳಿಯುವುದಿಲ್ಲ. ನಿಮ್ಮನ್ನು ಕರೆದವರಿಗೆ ಇದು ಚೆನ್ನಾಗಿ ಗೊತ್ತು, ಕಡಿಮೆ ಸಂಬಳಕ್ಕೆ ಸಿಗುತ್ತೀರೆಂದೇ ಕರೆಯುತ್ತಾರೆ.

ಪ್ರಶ್ನೆ: ದುಡ್ಡು ಕೊಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಕಳಿಸುತ್ತೇವೆ ಅನ್ನುತ್ತಿದ್ದಾರೆ, ನಂಬಬಹುದೇ? – ಬಳ್ಳಾರಿ

ಉತ್ತರ: ಕಳ್ಳರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಪ್ರಶ್ನೆ: ಹೈದರಾಬಾದಿಗೆ ಹೋಗಿ ಕೋಚಿಂಗ್ ಸೇರಲೇಬೇಕೇ? – ರಾಯಚೂರು

ಉತ್ತರ: ಮನೆಯಲ್ಲಿ ಕೂರಲು ಜಾಗವೇ ಇಲ್ಲದಿದ್ದರೆ ಸೇರಿ.

ಪ್ರಶ್ನೆ: ಮಗನಿಗೆ ನೆನಪಿನ ಶಕ್ತಿಯ ಪುಡಿ ಕೊಡುತ್ತಿದ್ದೇವೆ, ಮುಂದುವರಿಸಲೇ? – ಸಿರುಗುಪ್ಪ

ಉತ್ತರ: ಇವತ್ತೇ ನಿಲ್ಲಿಸಿ, ರಾತ್ರಿ ಏಳು ಗಂಟೆ ನಿದ್ದೆ ಮಾಡಲು ಬಿಡಿ. ಡಬ್ಬಿಯಲ್ಲಿ ಏನೇನು ಬೆರೆಸಿದ್ದಾರೆಂದು ಮಾರಿದವರನ್ನು ಕೇಳಿದ್ದೀರಾ?