ಫ್ರೇಮ್‌ನೊಳಗಿನ ಗೇರ್ ಕೇಬಲ್ ಬದಲಿಸುವುದು ಹೇಗೆ?

ಪ್ರಶ್ನೆ: ನನ್ನ ರೋಡ್ ಸೈಕಲ್‌ನ ಗೇರ್ ಕೇಬಲ್‌ಗಳು ಫ್ರೇಮ್‌ನ ಒಳಗೇ ಹಾದುಹೋಗಿವೆ. ಹಿಂದಿನ ಗೇರ್ ಸರಿಯಾಗಿ ಬೀಳುತ್ತಿಲ್ಲ, ಲಿವರ್ ಕೂಡ ಬಿಗಿಯಾಗಿದೆ. ಕೇಬಲನ್ನು ನಾನೇ ಬದಲಿಸಬಹುದೇ? ಹಳೆಯದನ್ನು ಹೊರಗೆಳೆದ ಮೇಲೆ ಹೊಸದಕ್ಕೆ ಒಳಗಿನ ದಾರಿ ಸಿಗದಿದ್ದರೆ ಏನು ಮಾಡಲಿ?

ಉತ್ತರ: ಖಂಡಿತ ಬದಲಿಸಬಹುದು, ಆದರೆ ಒಳಗಿನ ದಾರಿ ಬಲ್ಲದ್ದು ಹಳೆಯ ಕೇಬಲ್ ಒಂದೇ ಆದ್ದರಿಂದ ಅದನ್ನು ಅವಸರದಲ್ಲಿ ಎಳೆದುಹಾಕಬೇಡಿ.

ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಡಿರೇಲರ್‌ನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬೋಲ್ಟ್ ಸಡಿಲಿಸಿ, ಕೇಬಲ್‌ನ ಕೆದರಿದ ತುದಿಯನ್ನು ಹರಿತವಾದ ಕಟರ್‌ನಿಂದ ಕತ್ತರಿಸಿ, ಹಿಂಬದಿಯ ಔಟರ್ (ಕೇಬಲ್‌ನ ಹೊರಕವಚ) ತುಂಡನ್ನು ಕಳಚಿಡಿ. ಈಗ ತೆಳುವಾದ ಪ್ಲಾಸ್ಟಿಕ್ ಲೈನರ್ ಕೊಳವೆಯನ್ನು ಹಿಂದಿನಿಂದ ಹಳೆಯ ಕೇಬಲ್‌ನ ಮೇಲೆ ಪೋಣಿಸುತ್ತಾ, ಅದರ ಇನ್ನೊಂದು ತುದಿ ಫ್ರೇಮ್‌ನ ಮುಂದಿನ ರಂಧ್ರದಿಂದ ಹೊರಬರುವವರೆಗೆ ಒಳಗೆ ತಳ್ಳಿರಿ. ಪೆಡಲ್ ಅಚ್ಚಿನ ಕೆಳಗಿರುವ ಕೇಬಲ್ ಗೈಡ್‌ನಲ್ಲಿ ಕೊಳವೆ ತಡೆದು ನಿಂತರೆ ಬಲಪ್ರಯೋಗ ಬೇಡ. ಗೈಡ್‌ನ ಮುಚ್ಚಳ ಬಿಚ್ಚಿ, ಎರಡು ತುಂಡು ಕೊಳವೆಗಳಿಂದ ಕೆಲಸ ಮುಗಿಸಿ. ಬಳಿಕ ಹಳೆಯ ಕೇಬಲನ್ನು ಲಿವರ್‌ನ ಕಡೆಯಿಂದ ಹೊರತೆಗೆದು, ಹೊಸದನ್ನು ಲಿವರ್ ಮತ್ತು ಔಟರ್ ಮೂಲಕ ಕೊಳವೆಯೊಳಗೆ ತೂರಿಸಿ, ಅದು ಹಿಂದೆ ಹೊರಬಂದ ಮೇಲಷ್ಟೇ ಕೊಳವೆಯನ್ನು ಎಳೆದುಬಿಡಿ. ಎರಡೂ ಕೇಬಲ್‌ಗಳನ್ನು ಬದಲಿಸುವುದಿದ್ದರೆ ಒಂದು ಮುಗಿದ ನಂತರ ಇನ್ನೊಂದಕ್ಕೆ ಕೈಹಾಕಿ. ಅವು ಒಳಗೆ ಒಂದಕ್ಕೊಂದು ಸುತ್ತಿಕೊಂಡರೆ ಹೊಸ ಕೇಬಲ್ ಕೂಡ ಬಿಗಿಯಾಗಿಯೇ ಓಡುತ್ತದೆ.

ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಲಿವರ್‌ನ ಒಳಗೇ, ಕೇಬಲ್‌ನ ತುದಿಯಲ್ಲಿರುವ ಲೋಹದ ಗುಂಡಿನ ಹತ್ತಿರ, ಎಳೆಗಳು ತುಂಡಾಗಿರುವ ಸಾಧ್ಯತೆಯಿದೆ. ಅಲ್ಲಿ ಕೇಬಲ್ ಪ್ರತಿ ಸಲವೂ ತೀರಾ ಇಕ್ಕಟ್ಟಾದ ತಿರುವಿನಲ್ಲಿ ಬಾಗುತ್ತದೆ. ರಬ್ಬರ್ ಹೊದಿಕೆಯನ್ನು ಮಡಚಿ, ಟಾರ್ಚ್ ಬಿಟ್ಟು ನೋಡಿ, ಮುರಿದ ಎಳೆಗಳನ್ನೆಲ್ಲ ಚಿಮಟದಿಂದ ಹೆಕ್ಕಿ ತೆಗೆಯಿರಿ, ಏಕೆಂದರೆ ಕೂದಲಿನಷ್ಟು ತೆಳುವಾದ ಒಂದು ಎಳೆ ಉಳಿದರೂ ಲಿವರ್ ಸಿಕ್ಕಿಕೊಳ್ಳಬಹುದು.

ಹಳೆಯ ಕೇಬಲ್ ಆಗಲೇ ಹೊರಬಂದಿದ್ದರೆ ಕಾರ್ಬನ್ ಅಥವಾ ಅಲ್ಯೂಮಿನಿಯಂ ಫ್ರೇಮ್‌ನ ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿದು, ಒಳಗೆ ತೂರಿಸಿದ ಹೊಸ ಕೇಬಲ್‌ನ ಉಕ್ಕಿನ ತುದಿಯನ್ನು ನಿಧಾನವಾಗಿ ರಂಧ್ರದತ್ತ ನಡೆಸಬಹುದು. ಉಕ್ಕಿನ ಫ್ರೇಮ್‌ನಲ್ಲಿ ಈ ಉಪಾಯ ನಡೆಯದು. ಅಲ್ಲಿ ನೂಲೊಂದನ್ನು ರಂಧ್ರದೊಳಗೆ ಬಿಟ್ಟು, ಇನ್ನೊಂದು ತುದಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಸಿಕೊಂಡು, ಆ ನೂಲಿಗೆ ಕೇಬಲ್ ಕಟ್ಟಿ ಎಳೆಯುವುದು ವಾಸಿ.

ಕೊಳ್ಳುವಾಗ 1.2 ಮಿಲಿಮೀಟರ್ ದಪ್ಪದ ಗೇರ್ ಕೇಬಲ್ ಕೇಳಿ. ಬ್ರೇಕ್ ಕೇಬಲ್ ಇದಕ್ಕಿಂತ ದಪ್ಪ. ಔಟರ್ ಕೂಡ ಹಳೆಯದಾಗಿದ್ದರೆ ಜೊತೆಯಲ್ಲೇ ಬದಲಿಸುವುದು ಲೇಸು. ಬೋಲ್ಟ್ ಬಿಗಿದ ನಂತರ ಲಿವರನ್ನು ಕೆಲವು ಸಲ ಜೋರಾಗಿ ಒತ್ತಿ ಔಟರ್‌ನ ತುದಿಗಳು ಕೂರುವಂತೆ ಮಾಡಿ, ಸಡಿಲವಾದ ಕೇಬಲನ್ನು ಮತ್ತೆ ಎಳೆದು ಬಿಗಿಯಿರಿ. ಆಮೇಲೆ ಉಳಿಯುವ ಚಿಕ್ಕ ವ್ಯತ್ಯಾಸವನ್ನು ಡಿರೇಲರ್‌ನ ಹೊಂದಾಣಿಕೆ ತಿರುಪನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಸರಿಪಡಿಸಿಕೊಳ್ಳಬಹುದು.