ಹಳೇ ಟಾಟಾ 207ಕ್ಕೆ 407ರ ಇಂಜಿನ್ ಕೂರುತ್ತಾ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ತೊಂಬತ್ತರ ದಶಕದ ಟಾಟಾಮೊಬೈಲ್ 207 ಪಿಕಪ್ ಇದೆ, ಬಾಡಿ ಗಟ್ಟಿ, ಇಂಜಿನ್ ಸೋತಿದೆ, ಸಿಂಧನೂರಿನ ಗುಜರಿಯಲ್ಲಿ ಟಾಟಾ 407 ಲಾರಿಯ ಇಂಜಿನ್ ಅಗ್ಗಕ್ಕೆ ಸಿಗ್ತಿದೆ, ಹಾಕಿಸಬಹುದಾ ಅಂತ. ಕೂರುತ್ತೆ. ನಾನೇ ಕೂರಿಸಿದ್ದೇನೆ. ಆದರೆ ಇಂಜಿನ್ ಒಂದನ್ನೇ ಎತ್ತಿಕೊಂಡು ಬಂದರೆ ನಾನು ಪಟ್ಟ ಪಾಡೇ ನಿಮಗೂ.

ನಮ್ಮದು ಕಾರಟಗಿ ಕಡೆ. ಅಪ್ಪ 1994ರಲ್ಲಿ ತಗೊಂಡ ಗಾಡಿ. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ನಂಬರ್ ಪ್ಲೇಟ್ ಇವತ್ತಿಗೂ ರಾಯಚೂರಿನ ಕೆಎ 36. ಭತ್ತ, ಗೊಬ್ಬರ, ಮದುವೆ ಸಾಮಾನು, ಜಾತ್ರೆಗೆ ಹೊರಟ ಜನ, ಎಲ್ಲಾ ಹೊತ್ತಿದೆ. 2011ರ ಹೊತ್ತಿಗೆ ಸಂಡೂರಿನ ಏರು ಹತ್ತಬೇಕಾದರೆ ಎರಡನೇ ಗೇರು ಬಿಟ್ಟು ಮೇಲೆ ಹೋಗ್ತಿರಲಿಲ್ಲ. ಆಗ ಹುಟ್ಟಿದ ಆಸೆ ಇದು.

ಈ ಇಂಜಿನ್‌ಗಳ ಹೆಸರಲ್ಲೇ ಅವುಗಳ ಜಾತಕ ಇರುತ್ತೆ. ನಿಮ್ಮ ಗಾಡಿಯಲ್ಲಿರೋದು 483. ಅಂದರೆ 4 ಸಿಲಿಂಡರ್, 83 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ). ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90, ಒಟ್ಟು 1948 ಸಿಸಿ. 407ರದ್ದು 497. ಬೋರ್ 97, ಸ್ಟ್ರೋಕ್ 100, ಒಟ್ಟು 2956 ಸಿಸಿ. ಹತ್ತಿರ ಹತ್ತಿರ ಒಂದು ಲೀಟರ್ ಜಾಸ್ತಿ. ಕಾಗದದ ಮೇಲೆ ನೋಡಿದರೆ ಬಾಯಲ್ಲಿ ನೀರು ಬರುತ್ತೆ, ಅಲ್ವಾ?

ನಾನು ಮಾಡಿದ ತಪ್ಪು, 407ರ ಇಂಜಿನ್ ಮಾತ್ರ ತಂದು ಹಳೇ ಗೇರ್‌ಬಾಕ್ಸಿಗೇ ಜೋಡಿಸಿದ್ದು. ಇಂಜಿನ್, ಗೇರ್‌ಬಾಕ್ಸ್ ಸೇರುವ ಕಡೆ ಹೌಸಿಂಗಿನ ಬೋಲ್ಟ್ ತೂತು ಒಂದಕ್ಕೊಂದು ಕೂಡಲಿಲ್ಲ. ಲೇತ್‌ನಲ್ಲಿ ನಡುವೆ ಒಂದು ಪ್ಲೇಟ್ ಕಡೆಸಿ ಹಾಕಿದೆವು. ಕೂದಲೆಳೆಯಷ್ಟು ಸೆಂಟರ್ ತಪ್ಪಿತ್ತು ಅಂತ ಕಾಣುತ್ತೆ, ಯಾಕಂದರೆ ಮೂರು ವಾರಕ್ಕೆ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕಿರುಚಲು ಶುರು ಮಾಡಿತು, ಆಮೇಲೆ ಸೀಲ್ ಹೋಗಿ ಕ್ಲಚ್ ಪ್ಲೇಟಿಗೆ ಆಯಿಲ್ ಇಳಿಯಿತು, ಆ ಪ್ಲೇಟ್ ಬದಲಾಯಿಸಿ ಹೊರಬೀಳುವಷ್ಟರಲ್ಲಿ ಇನ್ನೊಂದು ಹೋಯಿತು. ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: "ಇಂಜಿನ್ ಕೂಡ್ಸೋದು ಒಂದು ದಿನದ ಕೆಲ್ಸ ಐತ್ರಿ ಸಾವ್ಕಾರ, ಉಳದದ್ದು ಒಂದು ತಿಂಗಳದ್ದು." ನಾನು ನಕ್ಕಿದ್ದೆ.

ಕೊನೆಗೆ ಬುದ್ಧಿ ಬಂದದ್ದು ಹೇಗೆ ಅಂದರೆ, ಟಾಟಾದವರೇ ಈ ಕೆಲಸ ಮಾಡಿ ಮುಗಿಸಿದ್ದಾರೆ. ಆಮೇಲೆ ಬಂದ 207 ಡಿಐ ಇದೆಯಲ್ಲ, ಅದರಲ್ಲಿ ಇರೋದೇ 2956 ಸಿಸಿ ಇಂಜಿನ್. ಹಾಗಾಗಿ 407 ಬಿಡಿ, ಗುಜರಿಗೆ ಬಂದ 207 ಡಿಐ ಒಂದನ್ನು ಹುಡುಕಿ. ಇಂಜಿನ್, ಗೇರ್‌ಬಾಕ್ಸ್, ಫೌಂಡೇಶನ್ ಬ್ರಾಕೆಟ್, ರೇಡಿಯೇಟರ್, ಫ್ಯಾನ್ ಕವರ್, ಪೈಪು, ಎಲ್ಲಾ ಒಂದೇ ಗಾಡಿಯದು, ಒಂದೇ ಸಲ. ಹಣ ಸೋರೋದು ಅರ್ಧ ಸೆಟ್ ತಂದಾಗ. ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಇಂಜಿನ್ ಮಾತ್ರ ಬೇಡ, ಅದರ ಸೆನ್ಸರು, ವೈರಿಂಗು, ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಎಲ್ಲಾ ಜೊತೆಗೆ ಬರಬೇಕು.

ಯಾರೂ ಹೇಳದ ಸಂಗತಿ ಒಂದಿದೆ, ಕ್ರೌನ್-ಪಿನಿಯನ್, ಅಂದರೆ ಹಿಂದಿನ ಆಕ್ಸಲ್ಲಿನೊಳಗೆ ಶಾಫ್ಟಿನ ಸುತ್ತನ್ನು ಚಕ್ರಕ್ಕೆ ದಾಟಿಸುವ ಹಲ್ಲಿನ ಜೋಡಿ. ಚಿಕ್ಕ 483 ಜೋರಾಗಿ ಸುತ್ತುವ ಇಂಜಿನ್, ಹಿಂದಿನ ಆಕ್ಸಲ್ ಹೌಸಿಂಗಿನ ಹಲ್ಲಿನ ಲೆಕ್ಕವೂ ಅದಕ್ಕೆ ತಕ್ಕಂತೆ ಇರುತ್ತೆ. 497 ನಿಧಾನಕ್ಕೆ ಸುತ್ತಿ ಎಳೆಯುವ ಜಾತಿ. ಹಳೇ ಹಲ್ಲಿಗೇ ದೊಡ್ಡ ಇಂಜಿನ್ ಹಾಕಿದರೆ ಏರಿನಲ್ಲಿ ಆನೆ ಥರ ಹೋಗುತ್ತೆ, ಆದರೆ ಗಂಗಾವತಿ ರೋಡಿನಲ್ಲಿ ಅರವತ್ತು ದಾಟುವಷ್ಟರಲ್ಲಿ ಅರಚಾಡಿ ಉಸಿರು ಬಿಡುತ್ತೆ. ನಂದು ಹಾಗೇ ಆಯ್ತು. ಆಟೋ ಹಿಂದೆ ಬಿಟ್ಟು ಹೋಗಿದೆ ನನ್ನನ್ನ! ನಿಮ್ಮ ಗಾಡಿಯದು, ಡಿಐದು, ಎರಡೂ ಹೌಸಿಂಗಿನ ಲೆಕ್ಕ ಬಿಚ್ಚದೇ ತಿಳಿಯಬಹುದು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರ ಎತ್ತಿ, ಸ್ಟ್ಯಾಂಡ್ ಇಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಎತ್ತಿದ ಚಕ್ರವನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ಆ ಎಣಿಕೆಯೇ ನಿಮ್ಮ ರೇಶಿಯೋ. ಡಿಐದು ಕಡಿಮೆ ಬಂದರೆ ಅದರ ಹೌಸಿಂಗನ್ನೂ ತನ್ನಿ.

ಇಂಜಿನ್ ಕೂರಿಸುವಾಗ ಹಿಂದಕ್ಕೆ ಬಾಗಿದ ಕೋನವನ್ನೂ ನೋಡಿ. ಕ್ರ್ಯಾಂಕಿನ ಗೆರೆ, ಪಿನಿಯನ್ನಿನ ಗೆರೆ ಎರಡೂ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಶಾಫ್ಟ್ ನಡುಗಿ ಜಾಯಿಂಟ್ ತಿನ್ನುತ್ತೆ. ಚಾಸಿಗೆ ಅಡ್ಡಡ್ಡ ವೆಲ್ಡಿಂಗ್ ಬೇಡವೇ ಬೇಡ, ಬ್ರಾಕೆಟ್ ಬೋಲ್ಟ್ ಮಾಡಿಸಿ.

ನಮ್ಮ ಬಿಸಿಲಿನ ಬಗ್ಗೆ ನಿಮಗೆ ಹೇಳೋದೇನು. ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಕಾವು, ಹಳೇ ರೇಡಿಯೇಟರಿಗೆ ಅದು ತಡೆಯಲ್ಲ. ಫ್ಯಾನ್ ತಾಗುತ್ತೆ ಅಂತ ಮೇಸ್ತ್ರಿ ಕವರ್ ತೆಗೆದಿಟ್ಟಿದ್ದ. ಮೇ ತಿಂಗಳಲ್ಲಿ ಕುಡುತಿನಿ ಹತ್ತಿರ ಲೋಡ್ ಸಮೇತ ಕುದಿಯಿತು. ಕವರ್ ವಾಪಸ್ ಹಾಕಿದ ಮೇಲೆ ಟೆಂಪರೇಚರ್ ಮುಳ್ಳು ಇಳಿಯಿತು, ಯಾಕಂದರೆ ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯೋ ಬದಲು ಅಕ್ಕಪಕ್ಕದ್ದನ್ನೇ ಸುತ್ತಿಸ್ತಿರುತ್ತೆ. ಬೋರ್‌ವೆಲ್ ನೀರು ಸುರೀಬೇಡಿ. ಮನೆ ಪಾತ್ರೆಯಲ್ಲಿ ಕಟ್ಟುವ ಬಿಳಿ ಗಾರೆ ಟ್ಯೂಬಿನೊಳಗೂ ಕಟ್ಟುತ್ತೆ.

ಬ್ರೇಕ್ ವಿಷಯ ಮರೆತರೆ ಪ್ರಾಣಕ್ಕೇ ಬರುತ್ತೆ. ಡೀಸೆಲ್ ಇಂಜಿನ್ ತಾನಾಗಿ ಬ್ರೇಕಿಗೆ ವ್ಯಾಕ್ಯೂಮ್ ಕೊಡಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತೆ. ಮೊದಲ ಸಲ ಹೊರಗೆ ತೆಗೆದಾಗ ಆ ಪೈಪ್ ಕೊಟ್ಟೇ ಇರಲಿಲ್ಲ. ಪೆಡಲ್ ಕಲ್ಲು! ಹಳ್ಳದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದೆ. ಮತ್ತೆ, ಇಂಜಿನ್ ದೊಡ್ಡದಾಯ್ತು ಅಂತ ನಾಲ್ಕು ಚೀಲ ಜಾಸ್ತಿ ಹಾಕಬೇಡಿ. ಬ್ರೇಕು, ಆಕ್ಸಲ್ಲು ಹಳೇವೇ.

ಈಗ ಕಾಗದ. ಇದನ್ನು ಮೊದಲೇ ಹೇಳಬೇಕಿತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ತಪ್ಪಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ನಾನು ಮಾಡಿಸಿದಾಗ ಮೊದಲೇ ಅರ್ಜಿ ಕೊಟ್ಟು, ಇಂಜಿನ್ ಬಿಲ್ ತೋರಿಸಿ, ಇನ್‌ಸ್ಪೆಕ್ಟರ್ ನೋಡಿದ ಮೇಲೆ ಆರ್‌ಸಿಯಲ್ಲಿ ನಂಬರ್ ಬದಲಾಯಿತು. ಅದು 2011. ಈಗ ಅಷ್ಟು ಸುಲಭಕ್ಕೆ ಆಗುತ್ತೆ ಅಂತ ನಂಬಿಕೊಂಡು ಗುಜರಿಯವನಿಗೆ ಅಡ್ವಾನ್ಸ್ ಕೊಡಬೇಡಿ. ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತ ಒಪ್ಪಿಗೆ ಕೇಳಿ. ಆಗಲ್ಲ ಅಂದರೆ ಅಲ್ಲಿಗೇ ಬಿಡಿ. ಇಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಎಫ್‌ಸಿಯೂ (ಫಿಟ್‌ನೆಸ್ ಸರ್ಟಿಫಿಕೇಟ್) ನಿಲ್ಲುತ್ತೆ, ಅಪಘಾತ ಆದಾಗ ಇನ್ಶೂರೆನ್ಸ್‌ನವರೂ ತಕರಾರು ತೆಗೀತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ಹಳೇ 483ನ್ನೇ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕಡೆಸಿ), ಡೀಸೆಲ್ ಪಂಪು-ನಾಜಲ್ ಸರಿ ಮಾಡಿಸ್ತಿದ್ದೆ. ಮೊದಲ ಸುಮೋಗಳಲ್ಲೂ ಇದೇ ಇಂಜಿನ್ ಇತ್ತು, ಹಳೇ ಮೇಸ್ತ್ರಿಗಳ ಕೈಗೆ ಪಳಗಿದ್ದು. ನನ್ನ ಗಾಡಿಯ ಹಳೇ ಇಂಜಿನ್ ನಿಜವಾಗಲೂ ಚಿಕ್ಕದಾಗಿತ್ತೋ, ಸುಮ್ನೆ ಸವೆದಿತ್ತೋ ಅಂತ ನಾನು ನೋಡಿಸಲೇ ಇಲ್ಲ. ನೀವು ಕಂಪ್ರೆಶನ್ ಚೆಕ್ ಮಾಡಿಸಿ. ಹೊಗೆ ಯಾವ ಬಣ್ಣ ಅಂತಲೂ ನೋಡಿ ಇಲ್ಲೇ ಬರೀರಿ. ನೀಲಿ ಇದ್ದರೆ ಆಯಿಲ್ ಉರೀತಿದೆ, ಬೋರ್ ಕೆಲಸ ಇದೆ. ಬರೀ ಕಪ್ಪಿದ್ದರೆ ಏರ್ ಫಿಲ್ಟರ್, ನಾಜಲ್ ಇಷ್ಟರಲ್ಲೇ ಮುಗಿದರೂ ಮುಗೀಬಹುದು.